ಎರಡೂ ಕೈ ಮೇಲೆ

"ಯಾರನ್ನ ಕೇಳಿ ತಳ್ಳಿದ್ರಿ ನೀವು?"

ಟ್ಯಾಮ್ಸಿನ್ ಗಿರಕ್ಕನೆ ತಿರುಗಿದ ರಭಸಕ್ಕೆ ಎದುರಿದ್ದವನ ಮೊಣಕಾಲಿಗೆ ಮರಳು ಸಿಡಿಯಿತು. ಬೆಳಗಿನ ಏಳು ಗಂಟೆ. ಯಾಂಬಾ ಎಂಬ ಕಡಲೂರಿನ ಬೀಚಿನಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ಇಬ್ಬರು ನಿಂತು ನೋಡಿದರು. ನೋಡಲಿ! ನಾಚಿಕೆಯಾಗಬೇಕಾದದ್ದು ಬೆನ್ನಿಗೆ ಕೈಯಿಟ್ಟು ತಳ್ಳಿದವನಿಗೆ, ಅವಳಿಗಲ್ಲ.

ತಳ್ಳಿದವನಲ್ಲಿ ನಾಚಿಕೆಯ ಸುಳಿವೇ ಇರಲಿಲ್ಲ. ಮೂಗಿಗೆ ಬಿಳಿ ಮುಲಾಮು ಬಳಿದುಕೊಂಡು ಅವಳ ಪಾದಗಳನ್ನೇ ನೋಡುತ್ತ ನಿಂತಿದ್ದ.

"ಎಡಗಾಲು," ಎಂದ.

"ಏನು?"

"ತಳ್ಳಿದಾಗ ನಿಮ್ಮ ಎಡಗಾಲು ಮುಂದೆ ಬಂತು. ಸರ್ಫ್ ಬೋರ್ಡ್ ಮೇಲೂ ಅದೇ ಮುಂದಿರಬೇಕು. ಹೇಳಿ ತಳ್ಳಿದ್ರೆ ಜನ ಯೋಚನೆ ಮಾಡಿ ಕಾಲಿಡ್ತಾರೆ. ಅದಕ್ಕೇ ಹೇಳದೆ ತಳ್ಳೋದು. ಎಲ್ಲರಿಗೂ ಹೀಗೇ."

"ನಂಗೆ ಹೀಗಲ್ಲ! ಹಿಂದಿನಿಂದ ತಳ್ಳೋರನ್ನ ಕಂಡ್ರೆ ನಂಗಾಗಲ್ಲ. ಇನ್ನು ತಳ್ಳೋದಾದ್ರೆ ಹೇಳಿ ತಳ್ಳಿ."

"ಸರಿ ಬಾಸ್," ಎಂದು ಅವನು ನಕ್ಕ. "ನಾನು ರೀಸ್. ಇನ್ನೊಂದು ವಿಷಯ, ಇದನ್ನೂ ಹೇಳಿಬಿಡ್ತೀನಿ. ನಿಮ್ಮ ವೆಟ್‌ಸೂಟ್ ಹಿಂದುಮುಂದಾಗಿದೆ. ಜಿಪ್ ಬೆನ್ನಿಗೆ ಬರಬೇಕು."

ಟ್ಯಾಮ್ಸಿನ್ ತಲೆ ಬಗ್ಗಿಸಿ ನೋಡಿಕೊಂಡಳು. ಗಂಟಲಿನಿಂದ ಹೊಟ್ಟೆಯವರೆಗೆ ಜಿಪ್ಪು ಠೀವಿಯಿಂದ ಹೊಳೆಯುತ್ತಿತ್ತು!

ಇಂಥ ಹೊತ್ತಿನಲ್ಲಿ ಬೇರೆಯವರಾದರೆ ಭೂಮಿ ಬಾಯ್ಬಿಡಬಾರದೇ ಎಂದುಕೊಳ್ಳುತ್ತಿದ್ದರು. ಟ್ಯಾಮ್ಸಿನ್ ಮಾತ್ರ, "ಗೊತ್ತು, ಗಾಳಿ ಆಡ್ಲಿ ಅಂತ ಹಾಕ್ಕೊಂಡಿದ್ದೆ," ಎಂದು ತಲೆಯೆತ್ತಿಕೊಂಡೇ ಬಟ್ಟೆ ಬದಲಿಸುವ ಕೋಣೆಗೆ ನಡೆದಳು.

ಅವಳ ಜಾಯಮಾನವೇ ಅಂಥದ್ದು. ಮೆಲ್ಬರ್ನ್‌ನಲ್ಲಿ ಏಳುತ್ತಿರುವ ಗಗನಚುಂಬಿ ಕಟ್ಟಡಗಳ ನೆತ್ತಿಯ ಮೇಲೆ ಕೂತು ಕ್ರೇನ್ ಓಡಿಸುವವಳು. ಹನ್ನೊಂದು ವರ್ಷದ ಅನುಭವ. ನಲವತ್ತು ಮಹಡಿ ಕೆಳಗಿನ ಗಂಡಸರೆಲ್ಲ ಅವಳಿಗೆ ಇರುವೆಗಳು. ಒಂದು ವಾರದ ರಜೆಗೆ ಬಂದು, ಒಬ್ಬಳಿಗೇ ಐದು ದಿನದ ಸರ್ಫಿಂಗ್ ಪಾಠ ಗೊತ್ತುಮಾಡಿಕೊಂಡಿದ್ದಳು. ಹತ್ತು ಜನರ ಗುಂಪಿನಲ್ಲಿ ಬೀಳುವುದಕ್ಕಿಂತ ಒಬ್ಬನ ಎದುರು ಬೀಳುವುದು ವಾಸಿ ಎಂಬುದು ಅವಳ ಲೆಕ್ಕಾಚಾರ.

ಬಿದ್ದಳು. ಚೆನ್ನಾಗಿಯೇ ಬಿದ್ದಳು.

ಸೊಂಟದಷ್ಟು ನೀರಿನಲ್ಲಿ ಮೆತ್ತನೆಯ ನೀಲಿ ಬೋರ್ಡಿನ ಮೇಲೆ ಬೋರಲಾಗಿ ಮಲಗುವುದು. ಹಿಂದಿನಿಂದ ಅಲೆ ಬಂದಾಗ ರೀಸ್ ಬೋರ್ಡನ್ನು ಅದರ ವೇಗಕ್ಕೆ ದೂಡುವುದು. ಅವಳು ಛಂಗನೆ ಎದ್ದು ನಿಲ್ಲುವುದು. ಕಲಿಯುವವರಿಗೆಲ್ಲ ಆರಂಭ ಇದೇ. ರೀಸ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಪ್ರತಿ ಸಲವೂ ಇಡೀ ಬೀಚಿಗೆ ಕೇಳುವಂತೆ, "ತಳ್ತೀನಿ ಬಾಸ್!" ಎಂದು ಕೂಗಿಯೇ ತಳ್ಳುತ್ತಿದ್ದ.

"ಮೇಲೆ ನೋಡಿ! ದಡ ನೋಡಿ! ಬೋರ್ಡಿನ ಮೂತಿಯಲ್ಲೇನಿದೆ?"

ಧಡಾರ್! ಮೂಗು, ಬಾಯಿ ತುಂಬ ಉಪ್ಪುನೀರು.

ಎರಡನೇ ದಿನದ ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು. ಒಟ್ಟಿಗೆ ಉಪ್ಪುನೀರು ಕುಡಿದವರ ನಡುವೆ ಮರ್ಯಾದೆ ಎಷ್ಟು ಹೊತ್ತು ಬಾಳೀತು? ಪಾಠ ಮುಗಿದ ಮೇಲೆ ಇಬ್ಬರೂ ಕಡಲ ಕಡೆಗೆ ಕಾಲು ಇಳಿಬಿಟ್ಟು ಗೋಡೆಯ ಮೇಲೆ ಕೂತು, ಕಾಗದದ ಪೊಟ್ಟಣದಿಂದ ಬೇಯಿಸಿದ ಸಿಗಡಿ ಸುಲಿದು ತಿಂದರು.

"ತಳ್ಳೋದು ಅಂದ್ರೆ ಯಾಕೆ ಅಷ್ಟು ಸಿಟ್ಟು?" ರೀಸ್ ಕೇಳಿದ.

ಟ್ಯಾಮ್ಸಿನ್ ಸಿಗಡಿಯ ತಲೆ ಲಟಕ್ಕನೆ ಮುರಿದಳು.

"ಜೂಲಿಯನ್ ಅಂತ ಒಬ್ಬನಿದ್ದ. ಮದುವೆ ಆಗೋದಿತ್ತು. ಊರಿಗೇ ಎತ್ತರದ ಕಟ್ಟಡದ ಕ್ರೇನ್ ಕೆಲಸಕ್ಕೆ ನಾನು ಅರ್ಜಿ ಹಾಕಿದ್ದೆ, ಸಿಕ್ತು. ಒಂದು ವರ್ಷ ನೆಲದ ಮೇಲೆ ನಡೀಲಿಲ್ಲ ನಾನು! ಆಮೇಲೆ ನಮ್ಮ ನಿಶ್ಚಿತಾರ್ಥದ ಊಟದಲ್ಲಿ ಅವನ ಸೋದರಮಾವ, ಆ ಕಟ್ಟಡದ ಕಂಪನಿ ಅವನದೇ, ಗ್ಲಾಸ್ ಎತ್ತಿ ಹೇಳ್ದ, 'ನಮ್ಮ ಜೂಲಿಯನ್ ಬಂದು ಕೇಳ್ಕೊಂಡಿದ್ದಕ್ಕೆ ಇವಳಿಗೆ ಕೆಲಸ ಕೊಟ್ಟೆ' ಅಂತ. ಎಲ್ಲರೂ ನಕ್ರು. ಅವನೂ ನಕ್ಕ. ಉಂಗುರ ಸೂಪಿನ ಬಟ್ಟಲಿಗೆ ಹಾಕಿ ಎದ್ದು ಬಂದೆ."

"ಆ ಕೆಲಸ?"

"ಬಿಟ್ಟೆ. ಬೇರೆ ಕಡೆ ಕೆಳಗಿಂದ ಶುರು ಮಾಡಿದೆ. ಈಗ ಮತ್ತೆ ಮೇಲಿದೀನಿ. ನನ್ನ ಕೈಯಾರೆ." ಅವಳ ದನಿ ಸ್ವಲ್ಪ ಮೆತ್ತಗಾಯಿತು. "ನೋಡು ರೀಸ್, ಕ್ರೇನ್ ಮೇಲೆ ರೇಡಿಯೊ ಕೈಕೊಟ್ಟಾಗ ಕೆಳಗೆ ನಿಂತೋನ ಕೈಸನ್ನೆಯೇ ನಂಗೆ ಕಣ್ಣು. ಆ ಕೈ ಸುಳ್ಳು ಹೇಳಿದ್ರೆ ಯಾರಾದ್ರೂ ಸಾಯ್ತಾರೆ. ಪ್ರೀತಿಯಲ್ಲೂ ನಂಗೆ ಅಂಥ ಕೈಯೇ ಬೇಕು. ಸುಳ್ಳು ಹೇಳದ ಕೈ."

ರೀಸ್ ತಮಾಷೆ ಮಾಡಲಿಲ್ಲ. ಸುಲಿದ ಸಿಗಡಿಯೊಂದನ್ನು ಅವಳ ಕಡೆಗೆ ಚಾಚಿದ, ಅಷ್ಟೆ. ಅವನ ಬೆರಳು ತಾಗಿದಾಗ ಟ್ಯಾಮ್ಸಿನ್‌ಳ ಎದೆ ಒಮ್ಮೆ ಧಸಕ್ಕೆಂದಿತು. 'ಇದೇನಪ್ಪಾ ಇದು... ರಜೆಗೆ ಬಂದಿದೀಯೋ, ರಗಳೆ ಹಚ್ಚಿಕೊಳ್ಳೋಕೆ ಬಂದಿದೀಯೋ!'

ಮೂರನೇ ದಿನ ನೀರಿಗಿಳಿಯುವ ಮೊದಲೇ ಹೇಳಿದಳು. "ಇವತ್ತು ತಳ್ಳಬೇಡ. ಒಂದೇ ಒಂದು ಅಲೆ, ನಾನೇ ಹಿಡೀಬೇಕು. ಮಾತು ಕೊಡು."

"ಕೊಟ್ಟೆ."

ಒಂಬತ್ತು ಸಲ ಬಿದ್ದಳು. ಒಂಬತ್ತನೆಯ ಸಲ ಬೋರ್ಡು ಗಲ್ಲಕ್ಕೆ ಬಡಿದು ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು, ಬೋರ್ಡಿಗೂ ಕಾಲಿಗೂ ಕಟ್ಟಿದ ಹಗ್ಗ ಎಳೆದು ಬಿಗಿದುಕೊಂಡು, ಮತ್ತೆ ಬೋರ್ಡೇರಿದಳು.

ಹತ್ತನೆಯ ಅಲೆ ಬಂತು. ಎರಡೂ ಕೈಯಿಂದ ನೀರು ಬಾಚಿದಳು... ಬೋರ್ಡು ಇದ್ದಕ್ಕಿದ್ದಂತೆ ಜಾರಿತು. ಎದ್ದಳು. ನಿಂತಳು! ಬಿಳಿ ನೊರೆಯ ಮೇಲೆ ದಡದ ಮರಳು ಮುಟ್ಟುವವರೆಗೂ ನಿಂತೇ ಬಂದಳು!

ಅವಳು ಹಾಕಿದ ಕೇಕೆಗೆ ಬೀಚಿನ ನಾಯಿಗಳೆಲ್ಲ ಬೊಗಳಿದವು. ಓಡಿ ಹೋಗಿ, ನೀರಿನಲ್ಲಿ ಬರುತ್ತಿದ್ದ ರೀಸ್‌ನ ಕುತ್ತಿಗೆಗೇ ಜೋತುಬಿದ್ದಳು.

"ನೋಡಿದ್ಯಾ? ನೋಡಿದ್ಯಾ! ತಳ್ಳಲಿಲ್ಲ ತಾನೇ?"

ಒಂದು ಕ್ಷಣ... ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಇಲ್ಲವೆಂದು ತಲೆಯಾಡಿಸಿದ.

ಸರ್ಫಿಂಗ್ ಶಾಲೆ ಎಂದರೆ ಒಂದು ತುಕ್ಕು ಹಿಡಿದ ವ್ಯಾನು. ಅದರ ಒಡತಿ ಅರವತ್ತೆಂಟರ ಡಾಟ್, ದಡದಲ್ಲಿ ಕೂತು ಶಿಷ್ಯರ ಸಾಹಸಗಳನ್ನು ಫೋನಿನಲ್ಲಿ ಚಿತ್ರೀಕರಿಸುವವಳು. "ಬಾರೇ ಮಾರಾಯ್ತಿ, ನಿನ್ನ ಪರಾಕ್ರಮ ನೋಡ್ಕೋ," ಎಂದು ಫೋನು ಕೊಟ್ಟಳು.

ಟ್ಯಾಮ್ಸಿನ್ ನಗುತ್ತಲೇ ನೋಡಿದಳು. ಅಲೆ ಬಂತು. ಬೋರ್ಡು ಜಾರಿತು. ಬೋರ್ಡಿನ ಹಿಂತುದಿಗೆ ಒತ್ತಿಕೊಂಡಿತ್ತು... ಒಂದು ಅಂಗೈ.

ಅವಳ ನಗು ಅಲ್ಲೇ ನಿಂತಿತು.

"ರೀಸ್." ಅವಳು ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ಇದು ಯಾರ ಕೈ?"

ಅವನು ಬಿಳಿಚಿಕೊಂಡ. "ಟ್ಯಾಮ್, ನನ್ನ ಮಾತು ಕೇಳು..."

"ತಳ್ಳಿದ್ದನ್ನ ಕ್ಷಮಿಸ್ತಿದ್ದೆ. ಕೇಳಿದಾಗ ತಲೆ ಆಡಿಸ್ದೆಯಲ್ಲ! ನಿನ್ನೆ ಅಷ್ಟೆಲ್ಲ ಹೇಳಿಕೊಂಡ ಮೇಲೂ! ನಿಂಗೂ ಜೂಲಿಯನ್‌ಗೂ ಏನೋ ವ್ಯತ್ಯಾಸ? ಅವನು ಸೂಟು ಹಾಕ್ತಿದ್ದ, ನೀನು ಚಡ್ಡಿ ಹಾಕ್ತೀಯ, ಅಷ್ಟೇ!"

ಬೋರ್ಡನ್ನು ಮರಳಿನ ಮೇಲೆ ಬಿಟ್ಟು ನಡೆದಳು. ಕಣ್ಣೀರು ಬಂದದ್ದು ರಸ್ತೆ ದಾಟಿದ ಮೇಲೆ.

ನಾಲ್ಕನೇ ದಿನ ಅವಳು ಪಾಠಕ್ಕೆ ಹೋಗಲಿಲ್ಲ. ಬಾಡಿಗೆ ಕೋಣೆಯಲ್ಲಿ ಕೂತು, ಡಾಟ್ ಕಳಿಸಿದ ಆ ಬೆಳಗಿನ ಇಡೀ ವೀಡಿಯೊ ತೆರೆದಳು. ಅವನನ್ನು ಸರಿಯಾಗಿ ದ್ವೇಷಿಸಲು ಇನ್ನೊಮ್ಮೆ ನೋಡಬೇಕಿತ್ತು. ಇನ್ನೊಮ್ಮೆ ನೋಡಿದಳು. ಮತ್ತೊಮ್ಮೆ ನೋಡಿದಳು. ದ್ವೇಷಿಸುವುದೂ ಒಂದು ಕೆಲಸವೇ, ಅದನ್ನಾದರೂ ಅಚ್ಚುಕಟ್ಟಾಗಿ ಮಾಡಬೇಡವೇ?

ಆರನೆಯ ಸಲಕ್ಕೆ ಬೇರೇನೋ ಕಂಡಿತು.

ಬಿದ್ದ ಒಂಬತ್ತು ಸಲವೂ ಅವಳ ತಲೆ ಕೆಳಗಿತ್ತು. ಬೋರ್ಡಿನ ಮೂತಿಯನ್ನೇ ನೋಡುತ್ತಿದ್ದಳು. ಕ್ರೇನಿನ ಗೂಡಿನಲ್ಲಿ ಕೂತು ಹನ್ನೊಂದು ವರ್ಷ ಕೆಳಗೇ ನೋಡಿ ಬಗ್ಗಿದ ಕತ್ತು! 'ಮೇಲೆ ನೋಡು, ದಡ ನೋಡು' ಎಂದು ಅವನು ಮೂರು ದಿನದಿಂದ ಬಡಿದುಕೊಂಡದ್ದು ಇದನ್ನೇ ಅಲ್ಲವೇ?

ಇನ್ನೊಂದು ಕಂಡಿತು. ಅವಳು ಕೇಕೆ ಹಾಕುತ್ತ ದಡಕ್ಕೆ ತೇಲಿ ಬರುತ್ತಿದ್ದಾಗ, ಚಿತ್ರದ ಮೂಲೆಯಲ್ಲಿ ರೀಸ್ ಒಬ್ಬನೇ ನಿಂತಿದ್ದ. ಅವನು ನಗುತ್ತಿರಲಿಲ್ಲ. ತನ್ನ ಅಂಗೈಯನ್ನು ಎದುರಿಗೆ ಹಿಡಿದು ನೋಡಿದ. ಆಮೇಲೆ ಆ ಕೈಯಿಂದಲೇ ನೀರಿಗೆ ರಪ್ಪೆಂದು ಹೊಡೆದ.

ಜೂಲಿಯನ್ ನಕ್ಕಿದ್ದ. ಇವನು ನಕ್ಕಿರಲಿಲ್ಲ.

ಟ್ಯಾಮ್ಸಿನ್ ಫೋನನ್ನು ಮಗುಚಿಟ್ಟಳು. ಸಿಟ್ಟು ಇತ್ತು, ಇನ್ನೂ ಇತ್ತು. ಅದರ ಪಕ್ಕದಲ್ಲೇ ಇನ್ನೊಂದೂ ಇತ್ತು. ಅದಕ್ಕೆ ಹೆಸರಿಡಲು ಅವಳಿಗೆ ಹೆದರಿಕೆ. ನಲವತ್ತು ಮಹಡಿ ಏರುವವಳಿಗೆ!

ಐದನೇ ದಿನ, ಕೊನೆಯ ದಿನ. ಮಧ್ಯಾಹ್ನ ಅವಳು ಹೊರಡಬೇಕು. ಬೆಳಿಗ್ಗೆ ಏಳಕ್ಕೆ ಸರಿಯಾಗಿ ವ್ಯಾನಿನ ಮುಂದೆ ಬಂದು ನಿಂತಳು. ಜಿಪ್ಪು ಬೆನ್ನಿಗಿತ್ತು.

"ಬೋರ್ಡ್ ಕೊಡಿ ಡಾಟ್. ಪಾಠ ಬೇಡ."

"ಬೋರ್ಡ್ ಕೊಡ್ತೀನಿ, ಅದಕ್ಕೇನು," ಡಾಟ್ ಮೊಟ್ಟೆಯ ರೋಲ್ ಅಗಿಯುತ್ತ ಹೇಳಿದಳು. "ಆ ಕಂಬಾನೂ ಕರ್ಕೊಂಡು ಹೋಗು. ನಿನ್ನೆ ಪೂರ್ತಿ ಒಂದು ಗಂಟೆ ಎರಡು ಬೋರ್ಡ್ ಇಟ್ಕೊಂಡು ನೀರಿನ ಹತ್ರ ನಿಂತಿತ್ತು. ನಂಗೆ ನೋಡೋಕಾಗಲ್ಲ ಮಾರಾಯ್ತಿ."

ವ್ಯಾನಿನ ಹಿಂದಿನಿಂದ ಕಂಬ ಹೊರಬಂತು. ರೀಸ್ ನಿದ್ದೆಗೆಟ್ಟಿದ್ದ.

"ನಾನು ತಪ್ಪು ಮಾಡಿದೆ," ಎಂದ. "ತಳ್ಳಿದ್ದು ಒಂದು, ತಲೆ ಆಡಿಸಿದ್ದು ಇನ್ನೊಂದು. ನಿನ್ನ ಖುಷಿ ನೋಡಿ ನಿಜ ಹೇಳೋ ಧೈರ್ಯ ಬರಲಿಲ್ಲ. ಅದು ನನ್ನ ಪುಕ್ಕಲುತನ, ಟ್ಯಾಮ್. ನೀನು ಕ್ಷಮಿಸಬೇಕು ಅಂತ ಏನಿಲ್ಲ. ಅಲೆ ಮಾತ್ರ ಬಿಟ್ಟು ಹೋಗಬೇಡ, ಅದು ನಿಂದು."

"ಅದಕ್ಕೇ ಬಂದಿರೋದು."

"ಹಾಗಾದ್ರೆ ನಾನು ನೀರಿಗೆ ಇಳಿಯಲ್ಲ. ಇಲ್ಲೇ ಮರಳಲ್ಲಿ ನಿಲ್ತೀನಿ, ಎರಡೂ ಕೈ ಮೇಲೆತ್ತಿ. ನನ್ನ ಕೈ ಎಲ್ಲಿದೆ ಅಂತ ನಿಂಗೆ ಅನುಮಾನ ಬಂದಾಗೆಲ್ಲ ನೋಡ್ಕೋ."

ಅವಳು ಬೋರ್ಡನ್ನು ಕಂಕುಳಿಗೆ ಸೇರಿಸಿ ಸೊಂಟದಾಳಕ್ಕೆ ನಡೆದಳು.

ಮೊದಲ ಅಲೆ ಕೈಗೆ ಸಿಗದೆ ಹೋಯಿತು. ಎರಡನೆಯದು ಮಗುಚಿ ಹಾಕಿತು. ಮೂರನೆಯದೂ ಅಷ್ಟೇ. ಪ್ರತಿ ಸಲ ಕಣ್ಣು ಒರೆಸಿಕೊಂಡು ದಡದ ಕಡೆ ನೋಡಿದಾಗಲೂ ಆ ಎರಡು ಕೈ ಆಕಾಶಕ್ಕೆ ಎತ್ತಿಯೇ ಇದ್ದವು. ವಾಕಿಂಗ್ ಬಂದವರು ಯಾರೋ ಅವನನ್ನು ಛೇಡಿಸಿದರು. ಕೈ ಇಳಿಯಲಿಲ್ಲ.

ನಾಲ್ಕನೆಯ ಅಲೆ ದೊಡ್ಡದೇನಲ್ಲ. ಟ್ಯಾಮ್ಸಿನ್ ನೀರು ಬಾಚಿದಳು. ತೋಳು ಉರಿದರೂ ಬಾಚಿದಳು. ಅಲೆ ಬಂದು ಬೋರ್ಡನ್ನು ಎತ್ತಿಕೊಂಡಿತು. ಎದ್ದು ನಿಂತಳು. ಹಳೆಯ ಚಾಳಿಗೆ ಕತ್ತು ಕೆಳಗೆ ಬಾಗಬೇಕು... ಅಷ್ಟರಲ್ಲಿ, 'ಅವನ ಕೈ ಎಲ್ಲಿ?' ಎನಿಸಿತು.

ತಲೆಯೆತ್ತಿ ನೋಡಿದಳು.

ಎರಡೂ ಕೈ ಮೇಲಿದ್ದವು. ಕಣ್ಣು ಅಲ್ಲೇ ನೆಟ್ಟಿತು, ಕತ್ತು ನೆಟ್ಟಗಾಯಿತು, ಬೆನ್ನು ಅದನ್ನೇ ಅನುಸರಿಸಿತು. ಬೋರ್ಡು ಅಲುಗಲಿಲ್ಲ! ಅಲೆಯ ಗದ್ದಲ, ಗಾಳಿ, ಕಾಲ ಕೆಳಗಿನ ನೊರೆ... ಹಿಂದೆ ಯಾರೂ ಇರಲಿಲ್ಲ. ಅವಳೊಬ್ಬಳೇ ಇದ್ದಳು, ನಿಂತಿದ್ದಳು. ಆ ಕೈಗಳತ್ತ ನೇರವಾಗಿ ಬರುತ್ತಿದ್ದಳು.

ಬೋರ್ಡು ಮರಳಿಗೆ ತಾಗಿತು. ಅವಳು ಇಳಿದು, ಈ ಸಲ ಕೇಕೆ ಹಾಕದೆ, ಅವನ ಎದುರಿಗೆ ಬಂದು ನಿಂತಳು. ಕೆನ್ನೆಯ ಮೇಲೆ ಹರಿಯುತ್ತಿದ್ದುದರಲ್ಲಿ ಸಮುದ್ರದ್ದೆಷ್ಟು, ಅವಳದ್ದೆಷ್ಟು ಎಂದು ಹೇಳುವುದು ಕಷ್ಟ.

"ಕೈ ಇಳಿಸ್ಲಾ? ಬಿದ್ದುಹೋಗೋ ಹಾಗಿದೆ," ಎಂದ ರೀಸ್.

"ಇನ್ನೂ ಇಲ್ಲ. ಮೊದಲು ಹೇಳು. ಆವತ್ತು ನಿನ್ನ ಕೈ ಯಾಕೆ ಬಂತು?"

"ಹದಿನಾಲ್ಕು ವರ್ಷದಿಂದ ಕಲಿಸ್ತಿದೀನಿ. ಸಾವಿರ ಜನ ಬೀಳೋದನ್ನ ನೋಡಿ ನಕ್ಕಿದೀನಿ. ನೀನು ಕಣ್ಣು ಒರೆಸ್ಕೊಂಡು ಹತ್ತನೇ ಸಲ ಬೋರ್ಡ್ ಹತ್ತಿದಾಗ ನಂಗೆ ನೋಡೋಕಾಗ್ಲಿಲ್ಲ. ಅಷ್ಟರಲ್ಲಾಗ್ಲೇ ಪ್ರೀತಿ ಆಗಿಹೋಗಿತ್ತು, ಟ್ಯಾಮ್. ಐದೇ ದಿನಕ್ಕೆ ಇದು ಜಾಸ್ತಿ ಆಯ್ತು, ಗೊತ್ತು."

"ನಾಲ್ಕೇ ದಿನ. ಒಂದಿನ ನಾನು ಬಂದಿರಲಿಲ್ಲ."

"ಜಾಸ್ತಿ ಗೊತ್ತಾಗಿದ್ದು ಆ ದಿನಾನೇ."

ಟ್ಯಾಮ್ಸಿನ್‌ಗೆ ನಗು ಬಂತು. ಅಳುವೂ ಬಂತು. ಎರಡನ್ನೂ ತಡೆಯುವ ಗೋಜಿಗೆ ಹೋಗಲಿಲ್ಲ.

"ನಂಗೂ ಅಷ್ಟೇ ಕಣೋ. ನಿನ್ನೆ ಇಡೀ ದಿನ ನಿನ್ನನ್ನ ದ್ವೇಷಿಸೋಕೆ ನೋಡಿದೆ. ಆಗ್ಲಿಲ್ಲ. ಇನ್ಮೇಲೆ ನಾನು ಬೀಳೋದಿದ್ರೆ ಬೀಳೋಕೆ ಬಿಡು. ನಿಜ ಮಾತ್ರ ಹೇಳು."

"ಹೇಳ್ತೀನಿ. ಚಳಿಗಾಲಕ್ಕೆ ಡಾಟ್ ಶಾಲೆ ಮುಚ್ತಾಳೆ. ಮೆಲ್ಬರ್ನ್‌ಗೆ ಬರ್ತೀನಿ. ಇನ್ನೊಂದು ನಿಜ, ನಂಗೆ ಎತ್ತರ ಅಂದ್ರೆ ಪ್ರಾಣ ಹೋಗುತ್ತೆ."

"ಕೆಳಗೆ ನಿಂತು ಕೈ ಬೀಸು, ಸಾಕು. ನಾನು ಮೇಲಿಂದ ನೋಡ್ತೀನಿ."

"ಬಾಸ್... ಕೈ?"

"ಇಳಿಸು."

ಎರಡೂ ಕೈ ನಿಧಾನವಾಗಿ ಕೆಳಗಿಳಿದವು. ಅವಳ ಭುಜದ ಹತ್ತಿರ ಬಂದು, ಮುಟ್ಟದೆ, ಹಾಗೇ ತಡೆದು ನಿಂತವು.

"ಯಾಕೆ ನಿಲ್ಲಿಸ್ದೆ?" ಟ್ಯಾಮ್ಸಿನ್ ಕೇಳಿದಳು.

"ಮೊದಲನೇ ದಿನಾನೇ ಹೇಳಿದ್ದೆಯಲ್ಲ, ತಳ್ಳೋದಾದ್ರೆ ಹೇಳಿ ತಳ್ಳು ಅಂತ. ಮುಟ್ಟೋದಕ್ಕೂ ಅದೇ ನಿಯಮ." ಎಂದ ಅವನು. "ಅಪ್ಕೊಳ್ತೀನಿ, ಟ್ಯಾಮ್."

"ಹೂಂ," ಎಂದಳು. "ಈಗ ಅಪ್ಕೋ."