ನಂಜನಗೂಡಿನಲ್ಲಿ ಕಾಣೆಯಾದ ಸಿಂಹ

"ಸಾರ್, ಸಿಂಹ ಕಳುವಾಗಿದೆ!"

ಬೆಳಗಿನ ಕಾಫಿ ಇನ್ನೂ ಗಂಟಲಿಗಿಳಿದಿರಲಿಲ್ಲ. ಬಾಗಿಲಲ್ಲಿ ಗಂಗಾಧರಸ್ವಾಮಿ ಮೇಷ್ಟರು ಏದುಸಿರು ಬಿಡುತ್ತ ನಿಂತಿದ್ದರು. ನಂಜನಗೂಡಿನಲ್ಲಿ ಎಮ್ಮೆ ಕಳುವಾಗುವುದುಂಟು. ದೇವಸ್ಥಾನದ ಮುಂದೆ ಚಪ್ಪಲಿಯಂತೂ ದಿನಾ ಹೋಗುತ್ತದೆ. ಆದರೆ ಸಿಂಹ? ನನಗೆ ನಗು ತಡೆಯಲಾಗಲಿಲ್ಲ.

ನಮ್ಮ ಭಾವ ಸೀತಾರಾಮಯ್ಯ ನಗಲಿಲ್ಲ. ಅವರು ನಿವೃತ್ತ ಪೊಲೀಸ್ ಇನ್ಸ್‌ಪೆಕ್ಟರ್. ಯಾರ ಮುಖದಲ್ಲಾದರೂ ಸಂಕಟ ಕಂಡರೆ ಸಾಕು, ಎದ್ದು ಶರ್ಟು ಹಾಕಿಕೊಳ್ಳುತ್ತಾರೆ.

"ಕೂತ್ಕೊಳ್ಳಿ ಮೇಷ್ಟ್ರೇ. ಯಾವ ಸಿಂಹ?"

"ನೈರೋಬಿದು ಸಾರ್. ಗೋಡೆ ಮೇಲೆ ದೊಡ್ಡದಾಗಿ ತೋರಿಸೋ ಪಟ, ಸ್ಲೈಡು."

ಮೇಷ್ಟರು ಮೂಗೂರಿನವರು. ನೈರೋಬಿಯ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಹೆಂಡತಿ ಚಿನ್ನಮ್ಮ ಅಲ್ಲೇ ಜ್ವರ ಬಂದು ತೀರಿಕೊಂಡಳು. ಎಪ್ಪತ್ತೆಂಟನೇ ಇಸವಿಯಲ್ಲಿ ಒಬ್ಬರೇ ಹಿಂತಿರುಗಿ ನಮ್ಮ ಬೀದಿಯಲ್ಲಿ ಮನೆ ಮಾಡಿದ್ದರು.

"ಊರಿನ ಅಂಚಲ್ಲೇ ಕಾಡು ಸಾರ್! ಕಾರಲ್ಲೇ ಕೂತು ನೋಡ್ಬೇಕು, ಇಳಿಯೋ ಹಾಗಿಲ್ಲ. ಜಿರಾಫೆ ಮರದ ತುದಿ ಮೇಯ್ತಾ ಇರುತ್ತೆ, ಅದರ ಹಿಂದೆ ನೋಡಿದ್ರೆ ಪಟ್ಟಣದ ಎತ್ತರದ ಕಟ್ಟಡಗಳು! ಅವತ್ತು ಒಂದು ಸಿಂಹ ನಡ್ಕೊಂಡು ಬಂದು ಚಿನ್ನಮ್ಮನ ಕಡೆ, ಕಾರಿನ ನೆರಳಲ್ಲೇ ಮಲಗಿತು. ಅದು ಉಸಿರಾಡೋದು ಒಳಗೆ ಕೇಳಿಸ್ತಿತ್ತು. ನನ್ನ ಕೈಕಾಲು ತಣ್ಣಗಾಗಿಹೋಯ್ತು. ಇವಳು ಹೆದರ್ಲಿಲ್ಲ ಸಾರ್. ನನ್ನ ಕಡೆ ತಿರುಗಿ ನಕ್ಕಳು. ಆಗ ತೆಗೆದದ್ದು ಆ ಪಟ."

ನಾನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಮೈಸೂರಿನ ಮೃಗಾಲಯದಲ್ಲಿ ಕಂಬಿಯ ಹಿಂದೆ ಆಕಳಿಸಿದ ಸಿಂಹಕ್ಕೇ ಹಿಂದೆ ಸರಿದವನು ನಾನು.

"ಇವತ್ತು ಸಾಯಂಕಾಲ ನಮ್ಮತ್ತೆಗೆ ತೋರಿಸ್ಬೇಕಿತ್ತು," ಮೇಷ್ಟರ ದನಿ ಕುಸಿಯಿತು. "ಅದಕ್ಕೇ ಮೊನ್ನೆ ಹೆಮ್ಮರಗಾಲದಿಂದ ಕರೆಸಿದ್ದೆ. ಮದುವೆ ಫೋಟೋದಲ್ಲಿ ಚಿನ್ನಮ್ಮ ತಲೆ ತಗ್ಗಿಸಿಬಿಟ್ಟಿದಾಳೆ. ಬಾಸಿಂಗ ಬಿಟ್ರೆ ಏನೂ ಕಾಣಲ್ಲ. ಅವಳ ಮುಖ ಇರೋದು ಆ ಒಂದು ಪಟದಲ್ಲೇ. ಆ ತಾಯಿಗೆ ಏನಂತ ಹೇಳ್ಲಿ ಸಾರ್?"

ಭಾವ ಆಗಲೇ ಶರ್ಟಿನ ಗುಂಡಿ ಹಾಕುತ್ತಿದ್ದರು.

ಮೇಷ್ಟರ ಮನೆಯ ಬಾಗಿಲ ಪಕ್ಕ ಮೊಳೆಗೆ ಒಂದು ಲಾಂದ್ರ ತೂಗುಹಾಕಿತ್ತು. ಕರೆಂಟು ಹೋದಾಗಲೆಲ್ಲ ಉರಿಯುವ ಹಳೇ ಲಾಂದ್ರ. ಗಾಜು ಮಾತ್ರ ಫಳಫಳ ಹೊಳೆಯುತ್ತಿತ್ತು. ಭಾವ ಅದರ ಮುಂದೆ ನಿಂತೇ ನಿಂತರು. ನನಗೆ ರೇಗಿತು. ಸಿಂಹ ಹುಡುಕಲು ಬಂದವರಿಗೆ ಲಾಂದ್ರ ಯಾಕೆ?

ಸ್ಲೈಡುಗಳ ಪೆಟ್ಟಿಗೆ ಮೇಜಿನ ಮೇಲಿತ್ತು. ಒಂದು ಸಂದು ಖಾಲಿ. ಅದರ ಅಂಚಿನಲ್ಲಿ ಚಿಟಿಕೆಯಷ್ಟು ಕೆಂಪು ಪುಡಿ.

"ಕುಂಕುಮ!" ಎಂದೆ ನಾನು.

ಭಾವ ಮೂಸಿ ನೋಡಿದರು. "ನೆನ್ನೆ ಯಾರ್ಯಾರು ಬಂದಿದ್ರು?"

"ಇಬ್ಬರೇ ಸಾರ್. ಪಕ್ಕದ ಮನೆ ಪುಟ್ಟಬಸವಯ್ಯ, ಸ್ಟುಡಿಯೋ ಹುಚ್ಚಯ್ಯ."

ಇಬ್ಬರನ್ನೂ ಕರೆಸಿದ್ದಾಯಿತು. ಪುಟ್ಟಬಸವಯ್ಯ ಬೆಲ್ಲದ ವ್ಯಾಪಾರಿ. ಮೇಷ್ಟರ ಸಿಂಹದ ಕಥೆಯನ್ನು ಬುರುಡೆ ಎಂದು ಬೀದಿಯೆಲ್ಲ ಸಾರಿದವನು ಅವನೇ.

"ಬುರುಡೆ ಅಂದಿದ್ ನಿಜ ಸಾ. ಊರ್ ಪಕ್ಕದಲ್ಲಿ ಸಿಂಹ ಅಂದ್ರೆ ಯಾರ್ ನಂಬ್ತಾರೆ? ಆದ್ರೆ ನೆನ್ನೆ ಕಿಟಕಿ ಬೆಳಕಿಗೆ ಇಡ್ದು ನೋಡ್ದೆ. ದಂಗಾಗೋದೆ ಕಣ್ರೀ! ನಾನ್ಯಾಕ್ ಕದೀಲಿ?"

"ನೋಡಿ ಏನಂದ್ರಿ?"

"ಗಾಜ್ ಮೇಲೆ ಕೊಳೆ ಅದೆ, ಆಯಮ್ಮನ ಮೊಕವೇ ಸರ್ಯಾಗ್ ಕಾಣಲ್ಲ ಅಂದೆ. ಅಷ್ಟೇಯ."

"ಆಗ ಇಲ್ಲಿ ಯಾರಿದ್ರು?"

"ನಾವ್ ಮೂವರು. ಅಜ್ಜಿ ಅಲ್ಲೇ ಕೂತಿತ್ತು."

ಹುಚ್ಚಯ್ಯನ ಸರದಿ. ಸಾಯಂಕಾಲ ಪಟ ತೋರಿಸಲು ತಂದಿದ್ದ ಪ್ರೊಜೆಕ್ಟರ್ ಅವನದೇ.

"ಆ ಪಟಾನ ದೊಡ್ಡದು ಮಾಡಿ ಸ್ಟುಡಿಯೋ ಮುಂದೆ ಹಾಕ್ತೀನಿ ಅಂತ ಕೇಳಿದ್ರಂತೆ, ಅಲ್ವಾ ನೀವು?"

"ಕೇಳ್ದೆ ಸಾ. ಕೊಡಲ್ಲ ಅಂದ್ರು, ಬಿಟ್ಟೆ. ಮುಟ್ಟೂ ಇಲ್ಲ. ಫಿಲಂ ಎರಡ್ ಗಾಜಿನ ಮಧ್ಯೆ ಅದೆ, ಸುತ್ತ ಪಟ್ಟಿ ಅಂಟ್ಸವ್ರೆ. ಕೈಜಾರಿ ಗಾಜ್ ಒಡೆದ್ರೆ ಯಾರ್ ಹೊಣೆ?"

ಭಾವನ ಮುಖ ಅರಳಿತು. "ಎರಡು ಗಾಜಿನ ಮಧ್ಯೆ! ಹಾಗಾದ್ರೆ ಬದುಕಿದ್ವಿ."

ಯಾರು ಬದುಕಿದ್ದು? ನನಗೆ ತಲೆಬುಡ ತಿಳಿಯಲಿಲ್ಲ. ಭಾವ ನೆಟ್ಟಗೆ ಅಡುಗೆಮನೆಯ ಬಾಗಿಲಿಗೆ ಹೋಗಿ ನೆಲದ ಮೇಲೆ ಕೂತರು. ಅಲ್ಲಿ ಮೇಷ್ಟರ ಅತ್ತೆ ಗುರುಬಸಮ್ಮ ಎಲೆಯಡಿಕೆ ಚೀಲವನ್ನು ಎದೆಗೊತ್ತಿಕೊಂಡು ಕುಳಿತಿದ್ದರು.

"ಅಮ್ಮಾ, ಲಾಂದ್ರ ತಿಕ್ಕಿದ್ದು ನೀವೇನಾ?"

"ಊ ಕಣಪ್ಪ. ಮಸಿ ಇಡ್ದಿತ್ತು."

"ಹಲ್ಲುಪುಡೀಲಿ?"

"ಊ. ಗಾಜ್ಗೆ ಅದೇ ವಾಸಿ."

"ಆಮೇಲೆ ಮಗಳ ಗಾಜನ್ನೂ ತಿಕ್ಕಿದ್ರಿ."

ಮುದುಕಿ ಚೀಲವನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡರು. ಮೇಷ್ಟರು ಗೋಡೆ ಹಿಡಿದುಕೊಂಡರು.

"ಮಗೀನ್ ಮೊಕದ್ ಮ್ಯಾಲೆ ಕೊಳೆ ಅದೆ ಅಂದ್ರು ಕಣಪ್ಪ… ಎಂಗ್ ತಡಕಳ್ಳಿ? ಒದ್ದೆ ಬಟ್ಟೇಲಿ ಒಸಿ ತಿಕ್ದೆ. ಬಟ್ಟೆಯೆಲ್ಲ ಕೆಂಪಾಯ್ತು. ಅವ್ಳ ಸೀರೆ ಬಣ್ಣ ಬಿಟ್ಕತು ಅಂದ್ಕಂಡೆ. ಬೆಳಕಿಗಿಡುದ್ರೆ ಏನೂ ಕಾಣ್ನಿಲ್ಲ. ನನ್ ಕೈಯಾರೆ ಅಳಿಸಾಕ್ಬುಟ್ಟೆ ನನ್ ಮಗ್ಳ…"

ಸೆರಗು ಬಾಯಿಗೆ ತುರುಕಿಕೊಂಡು ಅತ್ತುಬಿಟ್ಟರು. ಚೀಲದಿಂದ ಹೊರಬಂದ ಸ್ಲೈಡು ಮಂಜು ಕವಿದ ಹಾಗೆ ಕೆಂಪಗೆ ಮುಚ್ಚಿಹೋಗಿತ್ತು.

"ಕದ್ದದ್ದು ಈ ತಾಯಿಯೇ," ಭಾವ ಎದ್ದು ಮೆಲ್ಲಗೆ ಹೇಳಿದರು. "ಕುಂಕುಮಕ್ಕೆ ಲವಂಗದ ವಾಸನೆ ಇರುತ್ತೇನಯ್ಯಾ? ಲಾಂದ್ರದ ಗಾಜಿನ ಬುಡದಲ್ಲೂ ಇದೇ ಪುಡಿ ಕೂತಿತ್ತು. ಮೇಷ್ಟ್ರು ಲಾಂದ್ರ ತಿಕ್ಕಿದ್ದನ್ನ ನಾನಂತೂ ಕಂಡಿಲ್ಲ; ಈ ಮನೇಲಿ ಹೊಸದಾಗಿ ಬಂದ ಕೈ ಇವರದೊಂದೇ. ಪುಟ್ಟಬಸವಯ್ಯನ ಮಾತು ಕೇಳಿದ್ದೇ ಮಗಳ ಮುಖ ತೊಳೆಯೋಕೆ ಹೊರಟರು. ತೊಳೆದದ್ದು ಹೊರಗಿನ ಗಾಜನ್ನ ಮಾತ್ರ; ಈ ಕೆಂಪು ಸೀರೇದಲ್ಲ, ಹಲ್ಲುಪುಡೀದು. ಹುಚ್ಚಯ್ಯ, ಪಟ್ಟಿ ಬಿಡಿಸಿ."

ಹುಚ್ಚಯ್ಯ ಉಸಿರು ಬಿಗಿಹಿಡಿದು ಪಟ್ಟಿ ಕೊಯ್ದ. ಗಾಜು ಎರಡಾಯಿತು. ಫಿಲಂ ಒಂದಿಷ್ಟೂ ತೇವವಿಲ್ಲದೆ ಸ್ವಚ್ಛವಾಗಿತ್ತು. ನೀರು ಒಳಗಿಳಿದಿರಲಿಲ್ಲ.

ಮೇಷ್ಟರು ಅತ್ತೆಯ ಕೈ ಹಿಡಿದುಕೊಂಡರು. "ಇದೆ ಅತ್ತೆ, ಚಿನ್ನಮ್ಮ ಇದಾಳೆ."

ಕತ್ತಲಾಗುತ್ತಲೇ ಹಜಾರದ ಗೋಡೆಗೆ ಬಿಳೀ ಪಂಚೆ ಕಟ್ಟಿದರು. ಬೀದಿಯ ಜನವೆಲ್ಲ ಬಂದು ತುಂಬಿತು. ಹುಚ್ಚಯ್ಯ ದೀಪ ಹಾಕಿದ.

ಅಬ್ಬಾ! ಪಂಚೆಯ ತುಂಬ ಬಿಸಿಲು. ಹಳದಿ ಹುಲ್ಲು, ಅದರಾಚೆ ಆಕಾಶಕ್ಕೆ ಎದ್ದ ಕಟ್ಟಡಗಳು. ಕಾರಿನ ಕಿಟಕಿಯಾಚೆ ಹುಲ್ಲಿನ ಬಣ್ಣದ ಸಿಂಹ, ಇಡೀ ಭೂಮಿ ತನ್ನದೇ ಎನ್ನುವ ಹಾಗೆ ಮಲಗಿತ್ತು. ಯಾರೊಬ್ಬರೂ ಕೆಮ್ಮಲಿಲ್ಲ. ಪುಟ್ಟಬಸವಯ್ಯ ಕೈಮುಗಿದೇಬಿಟ್ಟ.

ಗುರುಬಸಮ್ಮ ಸಿಂಹವನ್ನು ನೋಡಲೇ ಇಲ್ಲ. ಎದ್ದು ಪಂಚೆಯ ಪಕ್ಕಕ್ಕೆ ಹೋಗಿ, ಮುಟ್ಟಲು ಹೆದರಿ, ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತರು. ಕೆಂಪು ಸೀರೆಯ ಹುಡುಗಿ ಅವರ ಎದುರಿಗೇ ನಗುತ್ತಿದ್ದಳು.

"ತಲೆ ಎತ್ತವ್ಳೆ," ಎಂದರು ಗುರುಬಸಮ್ಮ. "ನೋಡ್ರಪ್ಪಾ, ತಲೆ ಎತ್ತವ್ಳೆ ನನ್ ಮಗ್ಳು!"

ಹುಚ್ಚಯ್ಯ ಮುಂದಿನ ಪಟಕ್ಕೆ ಕೈ ಚಾಚಿದ. ಭಾವ ಅವನ ಕೈ ಹಿಡಿದು ತಡೆದರು.