ಗೋಡೆಗೆ ಅಂಟಿಸಿದ ಅವಳ ಕೆಲಸ

"ನಾನು ಅಮಾಡೋರ್ ವಿಲ್ಯಾರುಸ್. ಈ ವಿಭಾಗ ನೋಡ್ಕೊಳ್ಳೋನು ನಾನೇ. ಬನ್ನಿ, ಬನ್ನಿ!"

ಕೈಕುಲುಕಲು ಹೊರಟಿದ್ದ ಲಿಗಾಯಾಳ ಕೈ ಅರ್ಧದಲ್ಲೇ ನಿಂತಿತು.

ಅಮಾಡೋರ್ ವಿಲ್ಯಾರುಸ್... ಆ ಹೆಸರು! ತಿಂಗಳುಗಟ್ಟಲೆ ಹಲ್ಲು ಕಡಿಯುತ್ತಾ ಜಪಿಸಿದ ಹೆಸರು!

ಮುಖವನ್ನು ಮಾತ್ರ ಅವಳು ನೋಡಿದ್ದು ಇಂದೇ. ಕೆನ್ನೆಯಲ್ಲಿ ಗುಳಿ ಬೇರೆ!

ಇಲ್ಲಿಗೆ ಬರುವ ಮೊದಲು ಡೇಲಿ ಸಿಟಿಯ ಇನ್ನೊಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಅವಳು ವರ್ಷಗಳ ಕಾಲ ದುಡಿದಿದ್ದಳು. ಪಾರ್ಶ್ವವಾಯು ಹೊಡೆದವರಿಗೆ ಚಮಚ ಹಿಡಿಯುವುದನ್ನು, ಅಂಗಿಯ ಗುಂಡಿ ಹಾಕುವುದನ್ನು ಮತ್ತೆ ಕಲಿಸುವ ಥೆರಪಿಸ್ಟ್ ಅವಳು. ಅವಳ ಗ್ರೀನ್ ಕಾರ್ಡಿಗೆ ಮಾಲೀಕ ಅರ್ಜಿ ಹಾಕಬೇಕಾದರೆ, ಮೊದಲು ಅವಳದೇ ಕೆಲಸಕ್ಕೆ ಜಾಹೀರಾತು ಕೊಡಬೇಕು. ಅರ್ಹತೆಯಿರುವ ಇಲ್ಲಿಯವರು ಯಾರೂ ಬರದಿದ್ದರೆ ಮಾತ್ರ ಅರ್ಜಿ ಮುಂದಕ್ಕೆ ಹೋಗುತ್ತದೆ. ಅದು ಹೆಸರಿಗಷ್ಟೇ, ಯಾರೂ ಬರುವುದಿಲ್ಲ ಎಂದು ಎಲ್ಲರೂ ಧೈರ್ಯ ಹೇಳಿದ್ದರು.

ಒಬ್ಬ ಬಂದಿದ್ದ!

"ವಿಲ್ಯಾರುಸ್ ಅಂತೆ. ಇಲ್ಲೇ ಹುಟ್ಟಿದವನು, ಎಲ್ಲ ಅರ್ಹತೆನೂ ಇದೆ. ನಿನ್ನ ಕಾರ್ಡ್ ಕಥೆ ಸದ್ಯಕ್ಕೆ ಮುಗೀತು ಕಣಮ್ಮ," ಎಂದು ಮಾಲೀಕ ಕೈ ತೊಳೆದುಕೊಂಡಿದ್ದ.

ವೀಸಾದ ಅವಧಿ ತೀರುವುದರೊಳಗೆ ಹೊಸ ಅರ್ಜಿ ಹೋಗದಿದ್ದರೆ ಗಂಟುಮೂಟೆ ಕಟ್ಟಿ ತನ್ನ ಹುಟ್ಟೂರು ಇಲೋಯಿಲೋಗೆ ಹೊರಡಬೇಕು. ಮತ್ತೆ ಮೊದಲಿನಿಂದ ಅರ್ಜಿ ಹಾಕಲು ಒಪ್ಪಿದ ಈ ಕೇಂದ್ರಕ್ಕೆ ವೀಸಾ ಬದಲಾಯಿಸಿಕೊಂಡು ಬಂದರೆ... ಇಲ್ಲೂ ಇವನೇ!

'ನನ್ನ ಬದುಕಿಗೆ ಮಣ್ಣು ಹಾಕಿದೆಯಲ್ಲ, ನಿನ್ನನ್ನು ಸುಮ್ಮನೆ ಬಿಡ್ತೀನಾ?'

ಬಿಡಲಿಲ್ಲ.

ಮಧ್ಯಾಹ್ನ ಅಲ್ಲಿನ ಫಿಲಿಪಿನೋ ಹೆಂಗಸರು ತಂದದ್ದನ್ನೆಲ್ಲ ಒಂದೇ ಮೇಜಿನಲ್ಲಿಟ್ಟು ಹಂಚಿಕೊಂಡು ತಿನ್ನುತ್ತಿದ್ದರು. ಲಿಗಾಯಾ ಬಂದ ವಾರದಲ್ಲೇ ತನ್ನ ಕಥೆಯನ್ನೆಲ್ಲ ಅವರಿಗೆ ಹೇಳಿದಳು; ಅಮಾಡೋರ್‌ಗೆ ಆ ಮೇಜಿನಲ್ಲಿ ಜಾಗ ಇಲ್ಲವಾಯಿತು.

"ನೆನಿತಾ ಅಕ್ಕ, ಒಂದು ತುಂಡು ಅಡೋಬೋ ಮಾಂಸ..." ಅವನು ತಟ್ಟೆ ಚಾಚಿದ.

"ಮುಗೀತಲ್ಲ ಸರ್!" ನೆನಿತಾ ತುಂಬಿದ ಡಬ್ಬಿಗೆ ಮುಚ್ಚಳ ಹಾಕಿದಳು.

"ಬೇರೆಯವರ ತಟ್ಟೆಗೆ ಕೈ ಹಾಕೋದು ಕೆಲವರಿಗೆ ಅಭ್ಯಾಸ," ಲಿಗಾಯಾ ಕುಟುಕಿದಳು.

ಅವನು ಪೆಚ್ಚುನಗೆ ನಕ್ಕು ತನ್ನ ಒಣ ಬ್ರೆಡ್ ಹಿಡಿದು ಹೊರನಡೆದ. ಅವಳಿಗೆ ಅದೂ ಸಾಲಲಿಲ್ಲ. ಗುರುವಾರಗಳಂದು ಅವನು ಬೇಗ ಜಾಗ ಖಾಲಿ ಮಾಡುವುದನ್ನು ನೋಡಿ ಮೇಲಿನವರ ಕಿವಿಗೆ ಹಾಕಿದಳು. ಎಲ್ಲರ ಮುಂದೆ ಅವನಿಗೆ ಛೀಮಾರಿ ಬಿತ್ತು. ಆ ದಿನ ಅವಳು ಹೊಟ್ಟೆ ತುಂಬ ಉಂಡಳು.

ಕೆಲವು ದಿನಗಳ ಮೇಲೆ, ಬೆಳಿಗ್ಗೆ ಕೆಲಸಕ್ಕೆ ಬಂದರೆ, ಕಾಫಿ ಯಂತ್ರದ ಪಕ್ಕದ ಗೋಡೆಗೆ ಅಮಾಡೋರ್ ಕಾಗದವೊಂದನ್ನು ಅಂಟಿಸುತ್ತಿದ್ದ. ಥೆರಪಿಸ್ಟ್ ಬೇಕಾಗಿದ್ದಾರೆ. ಅವಳದೇ ಕೆಲಸ... ಮತ್ತೆ!

"ಅರ್ಜಿ ಹಾಕಲ್ವಾ ಸರ್?" ಅವಳು ಕಾಗದದತ್ತ ಬೆರಳು ತೋರಿಸಿದಳು. "ಹೋದ ಸಲ ಹಾಕಿದ್ರಲ್ಲ! ನನ್ನ ಕೆಲಸಕ್ಕೆ! ನನ್ನ ಕಾರ್ಡನ್ನ ಮಣ್ಣುಪಾಲು ಮಾಡಿದ್ರಲ್ಲ!"

"ನಿಮ್ಮ ಕೆಲಸಕ್ಕಾ?" ಅವನ ಕೈಯಿಂದ ಟೇಪು ಜಾರಿತು. "ಆಫೀಸಿನವರು ಅಂಟಿಸಿ ಅಂದ್ರು, ಅಂಟಿಸಿದೆ. ಇನ್ನೊಬ್ರು ಬೇಕೇನೋ ಅಂದ್ಕೊಂಡೆ. ಹಾಗಾದ್ರೆ... ಅಲ್ಲಿ ಗೋಡೆ ಮೇಲಿದ್ದದ್ದೂ ನಿಮ್ದೇನಾ?"

ಈ ನೆಲದಲ್ಲೇ ಹುಟ್ಟಿದವನಿಗೆ ಅದು ಬರೀ ಕಾಗದ. ಅದರ ಹಿಂದೆ ಒಬ್ಬಳು ಉಸಿರು ಬಿಗಿಹಿಡಿದು ಕೂತಿರುತ್ತಾಳೆಂದು ಅವನಿಗೆ ಯಾರು ತಾನೇ ಹೇಳಿದ್ದರು?

"ಅಲ್ಲಿ ನೀವು ನೋಡ್ಕೊಳ್ತಿದ್ದ ಫೆಲಿಸಿದಾದ್ ನಮ್ಮಜ್ಜಿ," ಅವನು ತಡವರಿಸಿದ. "ಅಮ್ಮನ ಅಮ್ಮ. ಈಗ್ಲೂ ಅಲ್ಲೇ ಇದ್ದಾರೆ, ಗುರುವಾರ ನೋಡೋಕೆ ಹೋಗ್ತೀನಿ. ನೀವು ಹಾಡು ಹೇಳ್ತಾ ಅಜ್ಜಿಗೆ ಚಮಚ ಹಿಡಿಯೋದು ಕಲಿಸ್ತಿದ್ರಿ... ಬಾಗಿಲ ಹಿಂದೆ ನಿಂತು ನೋಡ್ತಿದ್ದೆ. ಮಾತಾಡಿಸೋ ಧೈರ್ಯ ಬರ್ಲಿಲ್ಲ. ಕೆಲಸ ಖಾಲಿ ಇದೆ ಅಂತ ಗೋಡೆ ಮೇಲೆ ಕಾಣಿಸ್ತು. ನಿಮ್ಮ ಪಕ್ಕದಲ್ಲೇ ಇರಬಹುದಲ್ಲ ಅಂತ ಅರ್ಜಿ ಹಾಕಿದೆ. ಆಮೇಲೆ ಅವರು ನನ್ನ ಕರೀಲೇ ಇಲ್ಲ..."

ಫೆಲಿಸಿದಾದ್ ಅಜ್ಜಿ! ಮೊದಲ ಸಲ ತಾನಾಗಿಯೇ ಗಂಜಿ ಕುಡಿದ ದಿನ ಅವಳ ಕೈಗೆ ಮುತ್ತಿಟ್ಟವರು! ಗುರುವಾರಗಳ ಗುಟ್ಟು ಇದೇನಾ? ಲಿಗಾಯಾಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು.

"ಪೆದ್ದ! ಬಂದು ನನ್ನ ಹೆಸರು ಕೇಳಿದ್ರೆ ಸಾಕಿತ್ತಲ್ಲ!" ಅವಳು ಬಿಕ್ಕಿದಳು. "ಗುರುವಾರದ ಚಾಡಿ ಹೇಳಿದ್ದು ನಾನೇ."

"ಗೊತ್ತು."

"ಗೊತ್ತಿದ್ದೂ ಸುಮ್ಮನಿದ್ರಾ?"

"ನಾನು ಯಾವಾಗ ಹೋಗ್ತೀನಿ ಅಂತ ನೀವು ನೋಡ್ತಿದ್ದೀರಲ್ಲ... ಅಷ್ಟೇ ಖುಷಿ ಆಯ್ತು."

ಅವನು ಹತ್ತಿರ ಬಂದ. "ನನ್ನ ಮದುವೆ ಆಗಿ ಲಿಗಾಯಾ. ನಾನು ಇಲ್ಲಿಯವನು, ಕಾರ್ಡ್ ಬೇಗ ಬರುತ್ತೆ. ಕೆಡಿಸಿದ್ದು ನಾನು, ನಾನೇ ಸರಿಮಾಡ್ತೀನಿ."

ಅವಳ ಮನಸ್ಸು ಹೂಂ ಎನ್ನುತ್ತಿತ್ತು. ಆದರೆ ಸೇಡು ಇನ್ನೂ ಪೂರ್ತಿ ತೀರಿರಲಿಲ್ಲ.

"ಕಾರ್ಡಿಗೋಸ್ಕರ ಕಟ್ಕೊಂಡಳು ಅಂತ ಎಲ್ಲರೂ ಆಡ್ಕೊಳ್ಳೋಕಾ? ಆಗಲ್ಲ! ನನ್ನ ಕಾರ್ಡ್ ನನ್ನ ಕೆಲಸದಿಂದಲೇ ಬರಬೇಕು. ಅದು ಬಂದ ಮೇಲೆ ಕೇಳು."

'ಕೇಳು' ಎಂದಿದ್ದಳು. ಅವನ ಕೆನ್ನೆಯ ಗುಳಿ ಮತ್ತೆ ಕಾಣಿಸಿತು.

"ವರ್ಷಗಳೇ ಆಗಬಹುದು!"

"ಆಗಲಿ. ಕಾಯೋದು ಅಂದ್ರೆ ಏನೂಂತ ನಿನಗೂ ಗೊತ್ತಾಗಲಿ. ಇದೇ ನಿನಗೆ ಶಿಕ್ಷೆ!"

ಅವನು ಬಗ್ಗಿ ಟೇಪು ಎತ್ತಿಕೊಂಡು, ಕಾಗದದ ಮೂಲೆಗಳನ್ನು ಒತ್ತಿ ಅಂಟಿಸಿದ. "ಕಾಯ್ತೀನಿ. ಆದ್ರೆ ಹಸಿದ ಹೊಟ್ಟೇಲಿ ಎಲ್ಲಿವರೆಗೆ?"

ಲಿಗಾಯಾ ತನ್ನ ಡಬ್ಬಿಯನ್ನು ಅವನ ಕೈಗಿಟ್ಟಳು. "ಅಡೋಬೋ. ಅರ್ಧ ನಂದು. ಈ ಗುರುವಾರ ಅಜ್ಜಿನ ನೋಡೋಕೆ ನಾನೂ ಬರ್ತೀನಿ."

"ಹಾಗಾದ್ರೆ ಕ್ಷಮಿಸಿದ್ಯಾ?"

"ಅರ್ಧ," ಅವಳು ಕಣ್ಣೊರೆಸಿಕೊಂಡಳು. "ಇನ್ನರ್ಧ ಕಾರ್ಡ್ ಬಂದ ಮೇಲೆ."