ಅಕ್ಕನಿಗೆ ಆರಿಸಿದ ಕಾಂಬೊ

ಭಾವ ಅವನನ್ನು ಕರೆಯುತ್ತಿದ್ದದ್ದು ‘ಡಾಕ್ಟರು’ ಎಂದು. ನೆಂಟರಿಷ್ಟರಲ್ಲಿ ಯಾರ ಮನೆಯ ಕಂಪ್ಯೂಟರು ಕೆಮ್ಮಿದರೂ ಫೋನು ಅವನಿಗೇ ಬರುತ್ತಿತ್ತು. ಸ್ಕ್ರೂಡ್ರೈವರು, ಬ್ರಷ್ಷು, ಪ್ರೊಸೆಸರಿಗೆ ಹಚ್ಚುವ ಪೇಸ್ಟಿನ ಟ್ಯೂಬು ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದ, ಧೂಳು ಕೊಡವುತ್ತಿದ್ದ, ಒಂದು ಲೋಟ ಚಹಾ ಕುಡಿದು ಮರಳುತ್ತಿದ್ದ. ಹದಿನೈದು ವರ್ಷ ಹೀಗೇ ನಡೆದಿತ್ತು. ನಿನ್ನ ಯಂತ್ರ ಹೇಗಿದೆ ಎಂದು ಒಬ್ಬರೂ ಕೇಳಿರಲಿಲ್ಲ.

ಅವನ ಯಂತ್ರ ಸಾಯುತ್ತಿರಲಿಲ್ಲ, ಬದುಕುತ್ತಲೂ ಇರಲಿಲ್ಲ. ಅವನು ಜನರ ಮದುವೆ, ಗೃಹಪ್ರವೇಶಗಳ ವಿಡಿಯೊ ಕತ್ತರಿಸಿ ಜೋಡಿಸುವವನು. ಒಂದು ಗಂಟೆಯ ವಿಡಿಯೊ ಹೊರಬರಲು ಆ ಯಂತ್ರ ಇಡೀ ಹಗಲು ತಿನ್ನುತ್ತಿತ್ತು. ಗಿರಾಕಿಗಳು ಎರಡು ಸಲ ವಿಚಾರಿಸುತ್ತಿದ್ದರು. ಮೂರನೆಯ ಸಲಕ್ಕೆ ಎದುರು ಸಾಲಿನಲ್ಲಿ ಹೊಸದಾಗಿ ಬಂದವನ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದರು. ಕಿಟಕಿಯಿಂದ ಅದು ಕಾಣುತ್ತಿತ್ತು.

ಅಕ್ಕನದು ಹೊಲಗದ್ದೆಗಳ ಅಳತೆಯ ನಕ್ಷೆ ಬರೆಯುವ ಕೆಲಸ. ಸರ್ವೆಯವರು ಅಳೆದು ತಂದ ಅಂಕಿಗಳನ್ನು ಅವಳು ಪರದೆಯ ಮೇಲೆ ಗೆರೆಯಾಗಿಸುತ್ತಿದ್ದಳು. ಯಾರ ಬದು ಎಲ್ಲಿ ಮುಗಿಯುತ್ತದೆ, ಯಾರ ಬಾವಿಗೆ ಯಾರ ದಾರಿ, ಎಲ್ಲ ಅವಳ ಕೈಬೆರಳಿನಲ್ಲಿತ್ತು. ಈ ಸಲ ಒಂದು ಇಡೀ ಊರಿನ ಮರು ಅಳತೆ ಅವಳ ಪಾಲಿಗೆ ಬಂದಿತ್ತು, ತಿಂಗಳ ಕೊನೆಗೆ ಮುಗಿಸಬೇಕು. ಅವಳ ಹದಿಮೂರು ವರ್ಷದ ಯಂತ್ರವೋ, ಒಂದು ಬದುವನ್ನು ಹಿಗ್ಗಿಸಿ ನೋಡಹೋದರೆ ಮೂರ್ಛೆ ಹೋಗುತ್ತಿತ್ತು. ಕೆಲಸ ತಡವಾದರೆ ಮುಂದಿನ ಊರು ಬೇರೆಯವರಿಗೆ ಹೋಗುತ್ತಿತ್ತು.

“ನಂಗೇನೂ ಗೊತ್ತಾಗಲ್ಲ ಕಣೋ. ಒಳಗಿನ ಹೊಸ ಸಾಮಾನು ನೀನೇ ಹೋಗಿ ಆರಿಸ್ಕೊಂಡು ಬಾ, ದುಡ್ಡು ಕೊಡ್ತೀನಿ. ನೀನು ತಂದಿದ್ದೇ ಸರಿ” ಎಂದಳು.

“ಡಾಕ್ಟ್ರೇ, ಆಪರೇಷನ್ನಿಗೆ ಮುಂಚೆ ನಾವೇನಾದ್ರೂ ಸಹಿ ಹಾಕ್ಬೇಕಾ?” ಎಂದು ಭಾವ ನಕ್ಕರು.

ಅವನೂ ನಕ್ಕ. ಆದರೆ ‘ನೀನು ತಂದಿದ್ದೇ ಸರಿ’ ಎಂಬ ಮಾತು ಕಾಲಿಗೆ ನೆಟ್ಟ ಮುಳ್ಳಿನಂತೆ ಮನೆಯ ತನಕ ಅವನ ಜೊತೆ ಬಂತು. ಬಾಗಿಲು ತೆರೆಯುವಷ್ಟರಲ್ಲಿ ಅದು ಒಂದು ಯೋಚನೆಯಾಗಿತ್ತು.

ಕಂಪ್ಯೂಟರ್ ಅಂಗಡಿಯವನು ಗಾಜಿನ ಮೇಜಿನ ಮೇಲೆ ಮೂರು ಕಾಂಬೊ ಇಟ್ಟಿದ್ದ. ಪ್ರೊಸೆಸರು, ಮದರ್‌ಬೋರ್ಡು, ಮೆಮೊರಿ, ಮೂರನ್ನೂ ಸೇರಿಸಿ ಟೇಪು ಸುತ್ತಿ ಕಟ್ಟಿದ್ದು. ಹೊಸ ಮಾದರಿ ಬರುವುದಿತ್ತು, ಅದಕ್ಕೇ ಈ ರಿಯಾಯಿತಿ.

“ಬಿಡಿಬಿಡಿಯಾಗಿ ಕೊಡಲ್ಲ ಸಾರ್, ಗಂಟು ಬಿಚ್ಚಿದ್ರೆ ರೇಟೂ ಬಿಚ್ಕೊಳ್ಳುತ್ತೆ” ಎಂದ. “ಯಾರಿಗೆ ಇದು?”

“ಅಕ್ಕನಿಗೆ. ನಕ್ಷೆ ಬರೀತಾಳೆ.”

“ಹಾಗಾದ್ರೆ ನಡುವಿಂದು ಕಣ್ಮುಚ್ಚಿ ತಗೊಳ್ಳಿ. ಆರು ಕೋರು, ಹದಿನಾರು ಜಿಬಿ. ಆ ದೊಡ್ಡದು ವಿಡಿಯೊದೋರಿಗೆ ಸಾರ್.”

ವಿಡಿಯೊದವನು ದೊಡ್ಡದರ ಮೇಲೆ ಒಂದು ಗಳಿಗೆ ಕೈಯಿಟ್ಟ. ಅದರಲ್ಲಿ ಎಂಟು ಕೋರು, ಮೂವತ್ತೆರಡು ಜಿಬಿ. ಆಮೇಲೆ ಕೈ ತೆಗೆದ. ಅವನ ಹಳೆಯ ಯಂತ್ರದಲ್ಲಿದ್ದದ್ದೂ ಹದಿನಾರೇ. ಅಕ್ಕ ಅಂಕಿ ನೋಡುವವಳು. ಮೂವತ್ತೆರಡು ಇರಬೇಕಾದ ಕಡೆ ಹದಿನಾರು ಕಂಡರೆ ಕೇಳುತ್ತಾಳೆ. ಕಳ್ಳತನಕ್ಕೂ ಮಿತಿ ಬೇಕು ಎನ್ನಿಸಿತು. ಮನಸ್ಸಿನಲ್ಲೇ ಆದರೂ ಆ ಕೆಲಸದ ಹೆಸರನ್ನು ಅವನು ಹೇಳಿಕೊಂಡದ್ದು ಆಗಲೇ ಮೊದಲು. ನಡುವಿನದನ್ನೇ ಕಟ್ಟಿಸಿದ.

“ಇಲ್ಲಿ ಧೂಳು ಜಾಸ್ತಿ, ನಮ್ಮನೇಲೇ ಕೂತು ಜೋಡಿಸಿ ತರ್ತೀನಿ” ಎಂದಾಗ ಅಕ್ಕ ಮರುಮಾತಾಡಲಿಲ್ಲ. ತನ್ನ ಯಂತ್ರದ ಕಬ್ಬಿಣದ ಡಬ್ಬವನ್ನು ಒರೆಸಿ, ಹಳೆಯ ರಗ್ಗಿನಲ್ಲಿ ಸುತ್ತಿ, ಎಳೆಗೂಸನ್ನು ದಾಟಿಸುವ ಹಾಗೆ ಅವನ ಕೈಗಿಟ್ಟಳು. ಅವನು ಅವಳ ಮುಖ ನೋಡದೆ ರಗ್ಗಿನ ಹೂವು ನೋಡಿದ.

ಕೆಲಸ ಒಂದು ಮಧ್ಯಾಹ್ನದ್ದು. ಹೊಸ ಗಂಟು ಅವನ ಯಂತ್ರಕ್ಕೆ, ಅವನ ಹಳೆಯ ಗಂಟು ಅಕ್ಕನ ಡಬ್ಬಕ್ಕೆ. ಡಬ್ಬಕ್ಕೆ ಗಾಜಿರಲಿಲ್ಲ, ಒಳಗೇನಿದೆ ಎಂದು ಹೊರಗೆ ಕಾಣದು. ಹಿಂಬದಿ ಗೋಡೆಗೆ ಅಂಟಿ ನಿಲ್ಲುವುದರಿಂದ ಅಲ್ಲಿನ ವಯರು ಚುಚ್ಚುವ ತೂತುಗಳನ್ನು ಎಣಿಸುವವರಿಲ್ಲ. ಎಂಟು ವರ್ಷದ ಧೂಳನ್ನು ತನ್ನ ಹಳೆಯ ಬೋರ್ಡಿನ ಸಂದುಸಂದಿನಿಂದ ಬ್ರಷ್ಷಿನಿಂದ ಎಬ್ಬಿಸಿದ, ಫ್ಯಾನಿನ ಎಲೆಗಳನ್ನು ಒಂದೊಂದಾಗಿ ಒರೆಸಿದ. ಅಕ್ಕ ಎಂದಾದರೂ ‘ಈ ಕಂಪ್ಯೂಟರ್ ಬಗ್ಗೆ’ ಎಂಬ ಕಡೆ ಒತ್ತಿ ನೋಡಿದರೆ? ಅದಕ್ಕೂ ದಾರಿಯಿತ್ತು. ಯಂತ್ರ ಎದ್ದಾಗಲೆಲ್ಲ ಹಳೆಯ ಪ್ರೊಸೆಸರಿನ ಹೆಸರು ಅಳಿಸಿ ಹೊಸದರ ಹೆಸರು ಬರೆಯುವ ನಾಲ್ಕು ಸಾಲಿನ ಪ್ರೋಗ್ರಾಮು ಬರೆದಿಟ್ಟ. ಇನ್ನುಳಿದದ್ದು ಯಂತ್ರ ಕಣ್ಣು ತೆರೆಯುವಾಗಿನ ಮೊದಲ ಎರಡು ಕ್ಷಣ. ಆಗ ಬೋರ್ಡು ತನ್ನ ನಿಜವನ್ನು ಬಿಳಿ ಅಕ್ಷರದಲ್ಲಿ ಹೇಳಿಕೊಳ್ಳುತ್ತದೆ. ಬೋರ್ಡಿನ ಸೆಟ್ಟಿಂಗಿಗೆ ಹೋಗಿ ಅದನ್ನೂ ಮುಚ್ಚಿದ. ಅಕ್ಷರಗಳ ಜಾಗದಲ್ಲಿ ಒಂದು ಚಿತ್ರವಷ್ಟೇ ಬರುವಂತೆ ಮಾಡಿದ. ಹತ್ತು ಸಲ ಆರಿಸಿ ಹೊತ್ತಿಸಿ ನೋಡಿದ. ಹತ್ತು ಸಲವೂ ಯಂತ್ರ ಅವನ ಪರವಾಗಿಯೇ ಸಾಕ್ಷಿ ಹೇಳಿತು.

ತನ್ನ ಹಳೆಯದೂ ಅವಳ ಹಳೆಯದಕ್ಕಿಂತ ಐದು ವರ್ಷ ಚಿಕ್ಕದು, ಅವಳಿಗೂ ಲಾಭವೇ, ಎಂದು ದಾರಿಯುದ್ದಕ್ಕೂ ಹೇಳಿಕೊಂಡ. ಹೇಳಿಕೊಂಡಷ್ಟೂ ಮಾತು ಸಣ್ಣದಾಯಿತು.

ಅಕ್ಕ ಯಂತ್ರ ಹೊತ್ತಿಸಿ ಊರಿನ ನಕ್ಷೆ ತೆರೆದಳು. ಒಂದು ಬದುವನ್ನು ಹಿಗ್ಗಿಸಿದಳು. ಅದು ಹಿಗ್ಗಿತು.

“ರೀ, ಬಂದು ನೋಡ್ರೀ! ಎಷ್ಟು ಬೇಗ ಬಂತು!”

ಭಾವ ಕನ್ನಡಕ ಏರಿಸಿ ಬಗ್ಗಿದರು. “ಡಾಕ್ಟ್ರೇ, ಪೇಶೆಂಟು ಓಡಾಡ್ತಿದೆ. ನಮ್ಮ ಮಂಡಿಗೂ ಇಂಥದ್ದೇನಾದ್ರೂ ಕಾಂಬೊ ಇದೆಯಾ?”

“ಸುಮ್ನಿರಿ ನೀವು. ಅವನಿಗೆ ಊಟಕ್ಕೆ ಬಡಿಸ್ತೀನಿ.”

“ಹಸಿವಿಲ್ಲಕ್ಕ, ಕೆಲ್ಸ ಇದೆ” ಎಂದು ಅವನು ಚಪ್ಪಲಿ ಮೆಟ್ಟಿದ. ಈ ಸಲ ಚಹಾ ಕೂಡ ಕುಡಿಯಲಿಲ್ಲ.

ಮನೆಯಲ್ಲಿ ಅವನ ಯಂತ್ರ ಒಂದು ಗಂಟೆಯ ವಿಡಿಯೊವನ್ನು ಅನ್ನ ಬೇಯುವಷ್ಟರಲ್ಲಿ ಮುಗಿಸಿ ಕೊಟ್ಟಿತು. ಎರಡು ದಿನ ಕಳೆದ ಮೇಲೆ ಎದುರು ಅಂಗಡಿಯ ಗಿರಾಕಿಯೊಬ್ಬ ರಸ್ತೆ ದಾಟಿ ಇತ್ತ ಬಂದ. ಎಲ್ಲವೂ ಅಂದುಕೊಂಡಂತೆಯೇ ನಡೆಯುತ್ತಿತ್ತು. ಆದರೂ ಯಂತ್ರ ಓಡುವಾಗ ಅವನು ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದ. ಅಕ್ಕನ ಫೋನು ಬಂದರೆ ಮೂರು ಸಲ ರಿಂಗಾಗಲು ಬಿಡುತ್ತಿದ್ದ. ಅವಳು ಹೇಳುತ್ತಿದ್ದದ್ದು ಇಷ್ಟೇ: ಇಂದು ಹನ್ನೆರಡು ಹಾಳೆ ಮುಗಿಯಿತು, ಇಂದು ಹದಿನೈದು. ಪ್ರತಿ ಸಲವೂ ಕೊನೆಯಲ್ಲಿ “ನಿನ್ನಿಂದಾಗಿ ಕಣೋ” ಎನ್ನುತ್ತಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಒಂಬತ್ತನೆಯ ದಿನ ಬೆಳಿಗ್ಗೆ ಫೋನು ಬಂತು.

“ಯಂತ್ರ ಯಾಕೋ ಕಪ್ಪು ಪರದೆ ತೋರ್ಸಿ ನಿಂತ್ಬಿಟ್ಟಿದೆ ಕಣೋ. ದಿನಾ ಮೊದ್ಲು ಬರೋ ಚಿತ್ರ ಬರ್ತಿಲ್ಲ. ಬಿಳಿ ಅಕ್ಷರದಲ್ಲಿ ಏನೇನೋ ಇದೆ. ಓದ್ಲಾ?”

“ಬೇಡಕ್ಕ. ಮುಟ್ಬೇಡ. ನಾನೇ ಬರ್ತೀನಿ.”

“ಮುಟ್ಟಲ್ಲ, ಓದ್ತೀನಿ ಅಷ್ಟೇ.” ಸರ್ವೆ ನಂಬರು ಓದುವ ಹಾಗೆ, ಒಂದೊಂದು ಅಂಕಿಗೂ ಜಾಗ ಬಿಟ್ಟು ಓದಿದಳು. ಪ್ರೊಸೆಸರಿನ ಹೆಸರು. ಮೆಮೊರಿಯ ವೇಗ. ಎಂಟು ವರ್ಷ ದಿನಾ ಕಂಡ ಸಾಲುಗಳು. ಅವಳು ನಿಲ್ಲಿಸಿದ್ದರೆ ಮುಂದಿನದನ್ನು ಅವನೇ ಹೇಳಬಲ್ಲವನಾಗಿದ್ದ. “ತಾರೀಖೂ ತಪ್ಪಿದೆ ನೋಡು. ಎಂಟು ವರ್ಷದ ಹಿಂದಿಂದು ತೋರಿಸ್ತಿದೆ.”

ಎಲ್ಲೋ ಒಂದು ಪಾತ್ರೆ ಇಟ್ಟ ಸದ್ದು ಕೇಳಿತು.

“ಅದು ನೀನು ನಿನ್ನ ಯಂತ್ರ ತಗೊಂಡ ವರ್ಷ ಅಲ್ವೇನೋ?” ಎಂದಳು ಮೆಲ್ಲಗೆ.

“ಏನಂತೆ ಡಾಕ್ಟ್ರು?” ಎಂಬ ಭಾವನ ದನಿ ಒಳಗಿನಿಂದ ಬಂತು.

“ಏನಿಲ್ಲ, ಬರ್ತಾನಂತೆ” ಎಂದು ಅಕ್ಕ ಅತ್ತ ತಿರುಗಿ ಹೇಳಿದಳು. ಇತ್ತ ತಿರುಗಿದಾಗ ಅವಳ ದನಿ ಇನ್ನೂ ತಗ್ಗಿತ್ತು. “ದಿನಾ ಸಂಜೆ ಕೆಲ್ಸ ಮುಗಿದ್ಮೇಲೆ ಪ್ಲಗ್ಗು ಕಿತ್ತು ಬದಿಗಿಡ್ತಿದ್ದೆ ಕಣೋ. ಹಳೇದಕ್ಕೆ ಒಂದು ದಿನಾನೂ ಹಾಗೆ ಮಾಡಿದೋಳಲ್ಲ. ಇದು ನೀನು ಆರಿಸಿ ತಂದಿದ್ದು, ಜೋಪಾನ ಮಾಡೋಣ ಅಂತ.”

ಬೋರ್ಡಿನ ಮೂಲೆಯಲ್ಲಿ ನಾಣ್ಯದಷ್ಟಗಲದ ಒಂದು ಬ್ಯಾಟರಿ ಇರುತ್ತದೆ. ಗೋಡೆಯ ಕರೆಂಟು ಇಲ್ಲದಾಗ ತಾರೀಖನ್ನೂ ಸೆಟ್ಟಿಂಗನ್ನೂ ನೆನಪಿಟ್ಟುಕೊಳ್ಳುವುದು ಅದೊಂದೇ. ಅದು ಕೈಬಿಟ್ಟರೆ ಬೋರ್ಡು ತಾನು ಹುಟ್ಟಿದ ದಿನಕ್ಕೆ ಹಿಂದಿರುಗಿ, ಮುಚ್ಚಿಟ್ಟದ್ದನ್ನೆಲ್ಲ ತೆರೆದು ನಿಲ್ಲುತ್ತದೆ. ಅವನ ಮನೆಯಲ್ಲಿ ಎಂಟು ವರ್ಷ ಆ ಪ್ಲಗ್ಗನ್ನು ಯಾರೂ ಕಿತ್ತಿರಲಿಲ್ಲ, ಹಾಗಾಗಿ ಬ್ಯಾಟರಿಯಲ್ಲಿ ಉಳಿದದ್ದು ಉಸಿರಿನಷ್ಟೇ ಎಂದು ತಿಳಿಯುವ ಪ್ರಮೇಯವೇ ಬಂದಿರಲಿಲ್ಲ. ಅಕ್ಕನ ಜೋಪಾನದ ಎಂಟು ರಾತ್ರಿಗಳಲ್ಲಿ ಅದು ಮುಗಿದಿತ್ತು. ಯಾವ ಅಂಗಡಿಯಲ್ಲಾದರೂ ಒಂದು ಚಹಾದ ಬೆಲೆಗೆ ಸಿಗುವ ಸಾಮಾನು. ಗಂಟು ಬದಲಿಸಿದ ಆ ಮಧ್ಯಾಹ್ನ ಅದರ ಮೇಲೂ ಅವನು ಬ್ರಷ್ಷು ಆಡಿಸಿ, ಹೊಳಪು ಬರುವ ತನಕ ಧೂಳು ಒರೆಸಿದ್ದ.